ಸವತಿಯ ಬೆನ್ನೇರಿದ ಜೇನು

ನಿವೃತ್ತನಾದ ಮೇಲೆ ವೆಂಡೆಲಿನ್ ಎರಡನೆಯ ಸಂಸಾರ ಹೂಡಿದ. ಹೆಂಡತಿ ಓಟಿಲಿಯೆ ಕಣ್ಣೆದುರಿಗಿದ್ದಾಗಲೇ ಬಂದ ಈ ಸವತಿಗೆ ಹತ್ತು ಚಕ್ರ.

ಮೊರಾವಿಯಾದ ಸಹಕಾರಿ ಜಮೀನಿನಲ್ಲಿ ಆಯುಸ್ಸಿಡೀ ಬೀಟ್‌ಗೆಡ್ಡೆ ಸಾಗಿಸಿದವನು ಅವನು. ಆಗ ಓಡಿಸುತ್ತಿದ್ದಂಥದೇ ಹಳೆಯ ಟಾಟ್ರಾ ಲಾರಿಯೊಂದನ್ನು ಗುಜರಿಯಿಂದ ಬಿಡಿಸಿ ತಂದ. ಅದರ ಜೋಡಿ ಟ್ರೈಲರ್ ಪಕ್ಕದ ಜಿಲ್ಲೆಯಲ್ಲಿ ಕೋಳಿಗೂಡಾಗಿತ್ತು. ಕೋಳಿಗಳನ್ನು ಒಕ್ಕಲೆಬ್ಬಿಸಿ ಅದನ್ನೂ ತಂದ. ಎರಡಕ್ಕೂ ಒಂದೇ ಹಸಿರು ಬಳಿದು, ಹೊಸ ಹಲಗೆ ಹಾಸಿ, ಆಮೇಲೆ ಒಂದು ಚೀಲ ಆಲೂಗಡ್ಡೆ ಇಡಲೂ ಯಾರನ್ನೂ ಬಿಡಲಿಲ್ಲ. ಹಳೆಯ ವಾಹನಗಳ ಮೆರವಣಿಗೆಗೆ ಹೋಗುವುದು, ಬರುವುದು, ಒರೆಸುವುದು. ಊರಿನವರು ವರ್ಷಗಟ್ಟಲೆ ಟ್ರೈಲರ್ ಮಾತ್ರ ನೋಡಿದರು. ಸಿನಿಮಾ ಬಿಡುಗಡೆಯಾಗಲೇ ಇಲ್ಲ.

ಓಟಿಲಿಯೆಯ ಸಂಸಾರವೆಂದರೆ ಹಿತ್ತಿಲಿನ ಜೇನುಪೆಟ್ಟಿಗೆಗಳು. ಮೇ ಕೊನೆಗೆ ಹೊಲಗಳ ಹಳದಿ ಹೂವು ಉದುರಿ, ಸುತ್ತಮುತ್ತ ಹುಳುಗಳಿಗೆ ಅನ್ನವಿಲ್ಲದಂತಾಯಿತು. ಗುಡ್ಡದ ಮೇಲಿನ ಕಾಡಿನಲ್ಲಿ ರಾಸ್ಪ್‌ಬೆರಿ ಅರಳಿತ್ತು. ಪ್ರತಿ ಸಲ ಪೆಟ್ಟಿಗೆಗಳನ್ನು ಅಲ್ಲಿಗೆ ಒಯ್ಯುತ್ತಿದ್ದ ನೆರೆಯವನು ಈ ಸಲ ವ್ಯಾನು ಮಾರಿಬಿಟ್ಟಿದ್ದ. ಲಾರಿಯಲ್ಲಿ ಒಯ್ಯುವಂತೆ ಗಂಡನನ್ನು ಕೇಳಿದಳು. ಮೇಣ ಅಂಟುತ್ತದೆ, ಬಣ್ಣ ಕೆರೆಯುತ್ತದೆ ಎಂದ. ಓಟಿಲಿಯೆ ಮತ್ತೆ ಕೇಳಲಿಲ್ಲ. ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಗಿಲು ಮುಚ್ಚಿ ಮಲಗಿದಳು.

ಬೆಳಗ್ಗೆ ಕಾಫಿ ಕೊಡುತ್ತಾ ಸುದ್ದಿ ಹೇಳಿದಳು. "ಬಾಗ್ಲು ಹಾಕಿದೀನಿ. ಬಿಸಿಲೇರಿದ್ರೆ ಒಳಗೇ ಬೆಂದುಹೋಗ್ತವೆ."

"ತೆಗೆದ್ರಾಯ್ತಪ್ಪ."

"ತೆಗೆದ್ರೆ ಹಸ್ಕೊಂಡು ಸಾಯ್ತವೆ. ನಿನ್ನ ರಾಣಿಗೆ ಗೀರು ಬಿದ್ರೆ ಡಬ್ಬೀಲಿ ಬಣ್ಣ ಇದೆ. ನನ್ನ ರಾಣಿಯರಿಗೆ ಏನಿದೆ, ಹೇಳು?"

ವೆಂಡೆಲಿನ್ ಕಾಫಿ ಮುಗಿಸಲಿಲ್ಲ. ಗೊಣಗುತ್ತಲೇ ಹಲಗೆಯ ಮೇಲೆ ಕಂಬಳಿ ಹಾಸಿ ಪೆಟ್ಟಿಗೆ ಇಡತೊಡಗಿದ. ಲಾರಿ ತುಂಬುವುದರೊಳಗೆ ಕಂಬಳಿಗಳು ಮುಗಿದವು. ಟ್ರೈಲರಿನ ಬರಿ ಹಲಗೆಯ ಮೇಲೆ ಇಡುವಾಗ ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಮಾಡಿದ.

ಖಾಲಿಯಿದ್ದಾಗ ಆಡಿನ ಮರಿಯಂತೆ ಕುಪ್ಪಳಿಸುತ್ತಿದ್ದ ಟ್ರೈಲರ್ ಅಂದು ಭಾರ ಬಿದ್ದು ತೆಪ್ಪಗೆ ಹಿಂಬಾಲಿಸಿತು. ಏರಿನಲ್ಲಿ ಎಂಜಿನ್ನು ದನಿ ತಗ್ಗಿಸಿ ದುಡಿಯತೊಡಗಿತು. ಬೀಟ್‌ಗೆಡ್ಡೆಯ ಕಾಲದಿಂದೀಚೆಗೆ ಆ ದನಿ ಅವನ ಕಿವಿಗೆ ಬಿದ್ದಿರಲಿಲ್ಲ. ಏನೋ ಹೇಳಹೊರಟ ಹೆಂಡತಿಗೆ ಸುಮ್ಮನಿರುವಂತೆ ಕೈ ಮಾಡಿದ.

ಕಾಡಂಚಿನಲ್ಲಿ ಪೆಟ್ಟಿಗೆಗಳನ್ನು ಇಳಿಸಿ ಬಾಗಿಲು ತೆರೆದರು. ಹುಳುಗಳು ಹೊರಬಂದು ಅಲ್ಲಲ್ಲೇ ಸುತ್ತಿ, ಹೊಸ ಜಾಗ ಗುರುತು ಮಾಡಿಕೊಂಡು ಬಿಳಿ ಹೂಗಳತ್ತ ಹಾರಿದವು. ಓಟಿಲಿಯೆ ಟ್ರೈಲರಿನ ಅಂಚಿನಲ್ಲಿ ಕೂತು ಬ್ರೆಡ್ಡು, ಹಂದಿಮಾಂಸ ಬಿಚ್ಚಿದಳು.

"ಇವನ್ನ ವಾಪಸ್ ತರೋದು ಯಾವಾಗ?" ವೆಂಡೆಲಿನ್ ಕೇಳಿದ.

"ಆಗಸ್ಟಿಗೆ."

ಅವನು ಟ್ರೈಲರಿನ ಖಾಲಿ ಹಲಗೆ ತಟ್ಟಿದ. "ಅಲ್ಲೀವರೆಗೂ ಇದು ಸುಮ್ನೆ ನಿಂತಿರ್ಬೇಕಾ? ಪೋಸ್ಟಾಫೀಸಿನ ಹುಡುಗಿ ಮನೆ ಕಟ್ಟಿಸ್ತಿದಾಳಲ್ಲ, ಇಟ್ಟಿಗೆ ಯಾರು ತರ್ತಾರಂತೆ?"