ಶೈಲಾ ಹಚ್ಚುತ್ತಿದ್ದ ಪೊರೆ

ನಿನ್ನೆ ಪೀರನವಾಡಿ ಬಸ್ಸಿನಲ್ಲಿ ಪಕ್ಕದ ಹುಡುಗಿಯಿಂದ ಮೇಕಪ್ ಸ್ಪ್ರೇ ವಾಸನೆ ಬಂತು. ಇಷ್ಟು ವರ್ಷವಾದರೂ ಆ ವಾಸನೆಗೆ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಖಾನಾಪುರದ ಶೈಲಾ, ಬೆಳಗಾವಿ ಕೋಟೆಯ ಹತ್ತಿರದ ನನ್ನ ಪಾರ್ಲರಿಗೆ ಕೆಲಸ ಕಲಿಯಲು ಬಂದಳು. ಎರಡೇ ವರ್ಷದಲ್ಲಿ ಊರಿಗೆ ಮರಳಿ ಸ್ವಂತ ಪಾರ್ಲರ್ ತೆರೆದಳು. ಅಲ್ಲಿಗೇ ನಿಂತಿದ್ದರೆ ಆಶೀರ್ವಾದ ಮಾಡಿ ದೊಡ್ಡವಳೆನಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಗಿರಾಕಿಗಳೇ ಮದುವೆಗೆ ಅವಳನ್ನು ಕರೆಸತೊಡಗಿದರು. ಮೇಕಪ್ಪಿನ ಕೊನೆಯಲ್ಲಿ ಅವಳೊಂದು ಸ್ಪ್ರೇ ಹೊಡೆಯುತ್ತಿದ್ದಳು. ಅದು ಒಣಗಿ, ಕಣ್ಣಿಗೆ ಕಾಣದ ಪೊರೆಯಾಗಿ, ಬೆವರಿಗೂ ಅಳುವಿಗೂ ಬಣ್ಣ ಬಿಡುತ್ತಿರಲಿಲ್ಲ. ನಾನೋ, ಹಳೆಯ ಪೌಡರಿನವಳು.

ಖಾನಾಪುರದ ಒಂದು ಮದುವೆಗೆ ಅವಳನ್ನು ಗೊತ್ತುಮಾಡಿದ್ದಾರೆಂದು ಕೇಳಿ ತಡೆಯಲಾಗಲಿಲ್ಲ. ಮದುಮಗಳ ತಾಯಿಗೆ ಫೋನ್ ಮಾಡಿ, "ಅದು ಪ್ಲಾಸ್ಟಿಕ್ ಐತ್ರೀ. ಚರ್ಮದಾಗ ಇಳದು ರಕ್ತಕ್ಕ ಸೇರತೈತಿ" ಎಂದೆ. ನನಗೇನೂ ಗೊತ್ತಿರಲಿಲ್ಲ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ನಾನೇ ಅರ್ಧ ನಂಬಿದೆ. ಕೆಲಸ ನನಗೆ ಬಂತು.

ಮೇ ತಿಂಗಳು, ತಗಡಿನ ಮಂಟಪ. ಅಕ್ಷತೆಗೆ ಮೊದಲೇ ಕಾಡಿಗೆ ಕೆನ್ನೆಗಿಳಿಯಿತು. ಹುಡುಗಿ ಅತ್ತು ಉಳಿದದ್ದೂ ಹೋಯಿತು. ತಾಯಿ ನನ್ನೆದುರಿಗೇ ಶೈಲಾಳನ್ನು ಫೋನ್ ಮಾಡಿ ಕರೆದಳು. ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹತ್ತು ನಿಮಿಷದಲ್ಲಿ ಬಂದಳು.

"ಅದು ಪ್ಲಾಸ್ಟಿಕ್ ಅಂತಲ್ಲ, ಖರೇನ?" ಎಂದು ತಾಯಿ ಕೇಳಿದಳು.

"ಹೂಂ ರೀ, ಆ ಜಾತೀದ್ದ. ಆದ್ರ ಅದರ ಕಣ ದೊಡ್ಡೂ, ಚರ್ಮದ ಮ್ಯಾಲ ಕುಂದರತಾವ, ಒಳಗ ಇಳಿಯೂದು ಕಷ್ಟ. ಗಾಯದ ಮ್ಯಾಲ ಹೊಡಿಯಂಗಿಲ್ಲ, ಉಸರಿನಾಗ ಎಳಕೋಬಾರದು. ಆಮ್ಯಾಲೆ ಎಣ್ಣಿ ಹಚ್ಚಿ ಸಾವಕಾಶ ತೆಗೀಬೇಕು, ಕೆರೀಬಾರದು. ಹೋದ ವಾರನ ಇಕಿ ಕೈಗೆ ಹಚ್ಚಿ ನೋಡೀನಿ, ಏನೂ ಆಗಿಲ್ಲ."

ಹಾಗೆ ಹೇಳಿದವರು ಯಾರೆಂದು ಅವಳು ಕೇಳಲಿಲ್ಲ. ನನ್ನತ್ತ ಬಟ್ಟೆ ಚಾಚಿ, "ಅಕ್ಕಾ, ಇಕಿ ಮುಖ ನೀವ ಒರಸ್ರಿ. ನಿಮ್ಮ ಕೈ ಹಗೂರ ಐತಿ" ಎಂದಳು. ಒರೆಸಿದೆ. ಅವಳ ಕೈಚಳಕಕ್ಕಿಂತ ಆ ಮಾತಿನ ಮೇಲೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು. ನಾನಾಗಿದ್ದರೆ ಆಡುತ್ತಿರಲಿಲ್ಲ.

ಈಗ ನಾನೂ ಅದೇ ಸ್ಪ್ರೇ ಇಟ್ಟುಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ಗಿರಾಕಿಯೊಬ್ಬಳಿಗೆ ಅದನ್ನು ಹೊಡೆಯುವ ಮೊದಲು, ಕಣ್ಣು ಮುಚ್ಚಿ ಉಸಿರು ಹಿಡಿಯಲು ಹೇಳಿದೆ. "ಎಷ್ಟ ಛಂದ ತಿಳಿಸಿ ಹೇಳತೀರಿ! ಯಾರ ಕಡೆ ಕಲಿತ್ರಿ?" ಎಂದಳು. ಇಷ್ಟು ದಿನ "ಅನುಭವ ರೀ" ಎನ್ನುತ್ತಿದ್ದೆ. ಇವತ್ತು, "ಖಾನಾಪುರದ ಶೈಲಾ ಕಡೆ" ಎಂದುಬಿಟ್ಟೆ.

ಅವಳು ತಕ್ಷಣ ಶೈಲಾಳ ನಂಬರ್ ಕೇಳಬೇಕೆ? ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಸರಿಯಾಗಿ ಕೊಟ್ಟೆ.