ಏಳನೇ ನಂಬರಿನ ಭಾವ

ತಿಪ್ಪೇಶ್ ಭಾವನ ಬಲಗೈ ಹೆಬ್ಬೆರಳಿನ ಉಗುರು ಸದಾ ಉದ್ದಕ್ಕೆ ಬೆಳೆದಿರುತ್ತಿತ್ತು. ನಶ್ಯ ತೆಗೆಯಲೆಂದು ಬೀದಿಯವರು ಭಾವಿಸಿದ್ದರು. ಭಾವ ಅದನ್ನು ಬಿಟ್ಟಿದ್ದು ಮೋಟಾರ್ ಸೈಕಲ್ಲಿಗೆ ಅಂಟಿಸಿದ ಸ್ಟಿಕರಿನ ಅಂಚು ಎದ್ದಿದೆಯೇ ಎಂದು ತಡವಿ ನೋಡಲು.

ಹೊಸದುರ್ಗದಲ್ಲಿ ಅವರು ಕರೆಂಟಿನ ಲೈನ್‌ಮನ್. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಕಂಬ ಹತ್ತಿ ಇಳಿಯುವ ಮನುಷ್ಯನಿಗೆ ಅದರ ಅಪಾಯ ಸಾಲದೇನೋ ಎಂಬಂತೆ, ಹಳೆಯ ಬೈಕೊಂದನ್ನು ಕಲ್ಲುಮಣ್ಣಿನಲ್ಲಿ ಓಡಿಸುವ ಹುಚ್ಚೂ ಅವರಿಗಿತ್ತು. ಚಿತ್ರದುರ್ಗದ ಒಂದಷ್ಟು ಜನ ಸೇರಿ ಜೋಗಿಮಟ್ಟಿ ದಾರಿಯ ಕೊರಕಲು ಬಯಲಿನಲ್ಲಿ ವರ್ಷಕ್ಕೊಮ್ಮೆ ರೇಸು ನಡೆಸುತ್ತಿದ್ದರು. ತಗಡಿನ ಮಡ್‌ಗಾರ್ಡು ಬಿದ್ದಾಗಲೆಲ್ಲ ನುಗ್ಗಾಗುತ್ತದೆಂದು ಭಾವ ಪ್ಲಾಸ್ಟಿಕ್ ಡ್ರಮ್ಮು ಕೊಯ್ದು ಮಡ್‌ಗಾರ್ಡು, ನಂಬರಿನ ತಟ್ಟೆ ಎರಡನ್ನೂ ಮಾಡಿಕೊಂಡಿದ್ದರು. ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ಬಣ್ಣ ಬಳಿದರೆ ಹೊಪ್ಪಳಿಕೆ ಏಳುತ್ತಿತ್ತು, ಸ್ಟಿಕರು ಅಂಟಿಸಿದರೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಒಂದು ವರ್ಷ ಅವರು ಎರಡನೆಯವರಾಗಿ ಬಂದರೂ, ನಂಬರು ಎಲ್ಲೋ ಕಿತ್ತುಹೋಗಿದ್ದರಿಂದ ಸುತ್ತು ಎಣಿಸುವವರು ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅಂದಿನಿಂದ ಹಿತ್ತಲು ಅವರ ಪ್ರಯೋಗಶಾಲೆಯಾಯಿತು. ತಟ್ಟೆಯನ್ನು ಸೋಪು ಹಾಕಿ ತಿಕ್ಕಿ, ಗುರುತಿನ ಕಂಪೌಂಡರ್ ಕೊಟ್ಟ ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲಿಗೆ ಬೆಚ್ಚಗೆ ಮಾಡುತ್ತಿದ್ದರು. ಸ್ಟಿಕರಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ನಡುವಿನಿಂದ ಹೊರಕ್ಕೆ ಬಟ್ಟೆಯಲ್ಲಿ ಒತ್ತಿ, ಅಂಚಿಗೆ ತೆಳ್ಳಗೆ ವಾರ್ನಿಷ್ ಎಳೆಯುತ್ತಿದ್ದರು. ಮಾರನೆಯ ದಿನದವರೆಗೆ ಅದಕ್ಕೆ ನೀರು ಸೋಕುವಂತಿರಲಿಲ್ಲ. "ಮೂಲೆ ಇದ್ರೆ ತಾನೇ ಮಣ್ಣು ಹಿಡ್ಕಂಡು ಎಳೆಯಾದು? ಮೂಲೇನೇ ಇಡಬಾರ್ದು" ಎನ್ನುತ್ತಿದ್ದರು.

ಅಕ್ಕ ಶಾರದೆಗೆ ಇದೊಂದೂ ಹಿಡಿಸುತ್ತಿರಲಿಲ್ಲ. ಮುಂದಿನ ರೇಸಿನ ಹೊತ್ತಿಗೆ ಅವಳು ಜಗಳವಾಡುವುದನ್ನು ಬಿಟ್ಟು, ಹೋಗುವುದಾದರೆ ತಾನೂ ಬರುತ್ತೇನೆಂದು ಹೊರಟಳು. ನಾನೂ ಜೊತೆಗೆ ಹೋದೆ.

ಬಯಲಿನ ತುಂಬ ಧೂಳು. ಎರಡು ಸುತ್ತು ಮುಗಿಯುವಷ್ಟರಲ್ಲಿ ಉಳಿದವರ ನಂಬರುಗಳು ಜೋತುಬಿದ್ದಿದ್ದವು, ಇಲ್ಲವೇ ಹರಿದಿದ್ದವು. ಭಾವನ ಹಳದಿ ತಟ್ಟೆಯ ಮೇಲಿನ ಕಪ್ಪು ಏಳು ಮಾತ್ರ ಪ್ರತಿ ಸುತ್ತಿಗೂ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಅಕ್ಕ ದಾರಿಯಂಚಿಗೆ ಕಟ್ಟಿದ್ದ ಹಗ್ಗ ಹಿಡಿದು ನಿಂತು, ಅದು ಬಂದಾಗ ಒಮ್ಮೆ ಉಸಿರು ಬಿಡುತ್ತಿದ್ದಳು. ಆಮೇಲಿನ ಒಂದು ಸುತ್ತಿನಲ್ಲಿ ಅವಳು ಉಸಿರು ಬಿಡಲೇ ಇಲ್ಲ.

"ಏಳು ಬಂದಿಲ್ಲ" ಎಂದಳು.

ಸುತ್ತು ಎಣಿಸುತ್ತಿದ್ದ ಹಿರಿಯರು ತಲೆಯೆತ್ತದೆ, "ಧೂಳಲ್ಲಿ ಕಂಡಿರಲ್ಲ ಬಿಡಮ್ಮ" ಎಂದರು.

"ಇಷ್ಟೊತ್ತೂ ಕಂಡೈತೆ. ಈಗ್ಲೂ ಕಾಣ್ಬೇಕಿತ್ತು. ರೇಸ್ ನಿಲ್ಲಿಸ್ರಿ."

ಇನ್ನೊಂದು ಸುತ್ತು ನೋಡೋಣ ಎಂದರು ಅವರು. ಅಕ್ಕ ಮತ್ತೆ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗದಡಿ ನುಸುಳಿ, ದಾರಿಯ ನಟ್ಟನಡುವೆ ಹೋಗಿ ನಿಂತುಬಿಟ್ಟಳು. ನಾನು ಕೂಗಿದ್ದು ನನಗೇ ಕೇಳಲಿಲ್ಲ. ಧೂಳಿನಿಂದ ಹೊರಬಂದ ಮೊದಲ ಬೈಕು ಅಡ್ಡಡ್ಡ ಜಾರಿ ಅವಳ ಮುಂದೆ ಮಾರು ದೂರದಲ್ಲಿ ನಿಂತಿತು. ಹಿಂದಿನವರೂ ಒಬ್ಬೊಬ್ಬರಾಗಿ ನಿಂತರು.

ಎಲ್ಲರೂ ಹುಡುಕುತ್ತ ಓಡಿದೆವು. ಲಂಟಾನ ಪೊದೆಯ ಹಿಂದಿನ ಕೊರಕಲಿನಲ್ಲಿ ಭಾವ ಅಂಗಾತ ಬಿದ್ದಿದ್ದರು. ಮೇಲೆ ಬೈಕು. ಕಾದ ಸೈಲೆನ್ಸರು ಮೀನಖಂಡಕ್ಕೆ ಒತ್ತಿಕೊಂಡಿತ್ತು, ಟ್ಯಾಂಕಿನ ಪೆಟ್ರೋಲು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಬ್ಬರು ಬೀಡಿ ಎಸೆದು ಬನ್ನಿ ಎಂದು ಹಿಂದಿನವರಿಗೆ ಕೂಗಿದರು. ನಾಲ್ಕು ಜನ ಬೈಕನ್ನು ಎತ್ತುವವರೆಗೆ ಅಕ್ಕ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಆ ಕಾಲು ಮತ್ತೆ ಸರಿಯಾಗಲಿಲ್ಲ. ಕಂಬ ಹತ್ತುವುದು ನಿಂತು, ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಅವರ ರೇಸೂ ಮುಗಿಯಿತು. ಆದರೆ ಹಿರಿಯೂರು, ಹೊಳಲ್ಕೆರೆಗಳಿಂದ ಬೈಕಿನವರು ನಂಬರು ಅಂಟಿಸಿಕೊಳ್ಳಲು ನಮ್ಮ ಹಿತ್ತಲಿಗೇ ಬರತೊಡಗಿದರು. ಅಂಚನ್ನು ಒತ್ತುತ್ತ ಭಾವ ಪ್ರತಿಯೊಬ್ಬರನ್ನೂ, "ನಿನ್ ಸುತ್ತು ಎಣಿಸಾಕೆ ಮನೆಯೋರು ಯಾರು ಬರ್ತಾರಪ್ಪ?" ಎಂದು ಕೇಳುತ್ತಿದ್ದರು. ಯಾರೂ ಇಲ್ಲವೆಂದರೆ ಕುಂಟುತ್ತ ತಾವೇ ಹೋಗಿ ಹಗ್ಗದ ಪಕ್ಕ ಕೂರುತ್ತಿದ್ದರು.

ವರ್ಷಗಳು ಕಳೆದು ನಾನು ಶ್ರೀರಾಂಪುರದಲ್ಲಿ ಟೀಚರಾಗಿದ್ದೆ. ಕೊನೆಯ ಸಲ ನೋಡಿದಾಗ ಭಾವ ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದರು. ಬಸ್ಸಿಗೆ ಕಾಯುತ್ತ, ಯಾರೂ ಕೇಳದಿದ್ದರೂ, ತಾವು ಬಿದ್ದ ಆ ದಿನದ ಮಾತು ತೆಗೆದರು.

"ಕೂಗಾನ ಅಂದ್ರೆ ಉಸ್ರೇ ಇರ್ಲಿಲ್ಲ ಕಣಮ್ಮ. ಗಾಡಿಗುಳು ಹೋಗ್ತಾನೇ ಇದ್ವು. ಮುಗೀತು ಅನ್ಕಂಡೆ. ಆಮೇಲೆ ಒಂದೊಂದೇ ಸದ್ದು ನಿಂತ್ವು. ನಿಮ್ಮಕ್ಕ ಅಡ್ಡ ನಿಂತ್ಲು ಅಂತ ಆಗ್ಲೇ ಗೊತ್ತಾತು."

ಇದನ್ನು ಅಕ್ಕನಿಗೆ ಹೇಳಿದ್ದೀರಾ ಎಂದೆ. ಇಲ್ಲವೆಂದು ತಲೆಯಾಡಿಸಿ ಬಸ್ಸಿನ ಕಡೆ ನೋಡಿದರು.

ಆ ಮಳೆಗಾಲದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನಿಗೆ ಆ ಮಾತನ್ನು ನಾನೇ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವಳ ಕೈ ಮೊರದಲ್ಲೇ ನಿಂತಿತು.

"ಅವತ್ತು ಸತ್ತೇ ಹೋಗವ್ರೆ ಅನ್ಕಂಡೇ ಅಡ್ಡ ನಿಂತಿದ್ದೆ ಕಣೆ" ಎಂದಳು.