ಕೊಟ್ಟ ಮೀನು ಮರಳಿ ಕೇಳಿದವನು

ಸೊಲ್ಲಾಪುರದ ಹತ್ತಿರದ ಕುಂಭಾರಿಯ ಚನ್ನವೀರಪ್ಪನಿಗೆ ಹುಟ್ಟಿನಿಂದಲೇ ಅಂಜಿಕೆ ಹೆಚ್ಚು. ಮೋಟರಿನ ಗುಂಡಿ ಒತ್ತುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ತಹಶೀಲ್ದಾರ ಕಚೇರಿಯಿಂದ ಪಾಕೀಟು ಬಂದರೆ ಒಡೆಯುವ ಮೊದಲು ತಂಬಿಗೆ ನೀರು ಕುಡಿಯುತ್ತಿದ್ದ. ರಾತ್ರಿ ಹೊಲದಲ್ಲಿ ಒಬ್ಬನೇ ಮಲಗುತ್ತಿದ್ದ ಅವನ ಅಪ್ಪ, ಮಗನ ಈ ಸ್ವಭಾವ ಕಂಡು ತಲೆ ಚಚ್ಚಿಕೊಂಡೇ ಸತ್ತ. ಆದರೂ ಅಂಜುತ್ತಂಜುತ್ತಲೇ ಚನ್ನವೀರಪ್ಪ ಹೊಲ ಉಳಿಸಿಕೊಂಡ, ದ್ರಾಕ್ಷಿ ಹಚ್ಚಿದ, ಮಗ ಸ್ವಪ್ನಿಲನಿಗೆ ಅಕ್ಕಲಕೋಟೆಯ ಹೆಣ್ಣು ತಂದ. ಅಂಜುವವನ ಕೆಲಸ ಕೆಡುವುದಿಲ್ಲ ಎಂದು ಊರವರೂ ಒಪ್ಪಿಕೊಂಡಿದ್ದರು.

ಮೀನಿನ ವಿಚಾರ ಸ್ವಪ್ನಿಲನದು. ದ್ರಾಕ್ಷಿಗೆ ನೀರು ಬೇಕೆಂದು ಹೊಲದಲ್ಲಿ ತೋಡಿ ಪ್ಲಾಸ್ಟಿಕ್ ಹಾಸಿದ ದೊಡ್ಡ ಹೊಂಡ ಇತ್ತು.

"ನೀರು ಸುಮ್ಮನ ನಿಂತೈತಿ ಅಪ್ಪಾ. ಕಟ್ಲಾ, ಚಿಲಾಪಿ ಮರಿ ಬಿಡೋಣು. ನಾವು ತಿನ್ನೂದಿಲ್ಲ, ಮುಟ್ಟೂದಿಲ್ಲ. ನಾಗಣ್ಣ ಬಂದು ಬಲಿ ಹಾಕಿ ಹಿಡಕೊಂಡ ಹೋಗ್ತಾನ," ಎಂದ.

ನಾಗಣ್ಣ ಭೀಮಾ ದಂಡೆಯ ಅಂಬಿಗ. ಸೊಲ್ಲಾಪುರದ ಮೀನುಪೇಟೆಯಲ್ಲಿ ಅವನ ವ್ಯಾಪಾರ. ಚನ್ನವೀರಪ್ಪನದು ಲಿಂಗ ಕಟ್ಟಿಕೊಂಡ ಮನೆತನ; ಮೀನೆಂದರೆ ದೂರದಿಂದಲೇ ಮೂಗಿಗೆ ಪಂಚೆಯ ಸೆರಗು ಹಿಡಿಯುವವರು. ಹೆಂಡತಿ ಅಂಬಾಬಾಯಿ ಇಷ್ಟೇ ಹೇಳಿದಳು: "ನನ್ನ ಅಡಗಿ ಮನಿತನಾ ಆ ನಾತ ಬರಬಾರದು ನೋಡ್ರಿ." ಬರಲೂ ಇಲ್ಲ. ಒಂದು ಬೆಳೆ ಚೆನ್ನಾಗಿಯೇ ಬಂತು.

ಎರಡನೆಯ ವರ್ಷ ಜೂನ್ ತಿಂಗಳು. ಮೋಡ ಕವಿದು ಮಳೆ ಮಾತ್ರ ಬಾರದೆ ಗಾಳಿಯೆಲ್ಲ ನಿಂತುಹೋಗಿತ್ತು. ಸ್ವಪ್ನಿಲ ಹೆಂಡತಿಯನ್ನು ಕರೆದುಕೊಂಡು ಅಕ್ಕಲಕೋಟೆಗೆ ಹೋಗಿದ್ದ. ಸಂಜೆ ಹೊಂಡದ ಕಡೆ ಬಂದ ಚನ್ನವೀರಪ್ಪನಿಗೆ ಆಚೆ ಮೂಲೆಯಲ್ಲಿ, ಜಾಲಿಯ ನೆರಳಿನಲ್ಲಿ, ಬೆಳ್ಳಗೆ ಏನೋ ತೇಲುವುದು ಕಂಡಿತು. ಹೊಟ್ಟೆ ಮೇಲಾದ ಮೀನುಗಳು. ಐದಾರು ಇರಬಹುದು. ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಇಷ್ಟು ಮೀನಿನಲ್ಲಿ ನಾಲ್ಕು ಸಾಯುವುದು ಸಹಜವಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಮಗನಿಗೂ ಫೋನು ಮಾಡಲಿಲ್ಲ. ಆ ರಾತ್ರಿ ಕರೆಂಟು ಹೋಯಿತು. ನೀರಿಗೆ ಗಾಳಿ ಕೊಡುವ ಯಂತ್ರವೂ ನಿಂತಿತು.

ಬೆಳಗ್ಗೆ ಬಂದು ನೋಡಿದರೆ ಹೊಂಡದ ತುಂಬ ಬಾಯಿಗಳು. ಸಾವಿರಾರು ಮೀನು ನೀರಿನ ಮೇಲಕ್ಕೆ ಬಾಯಿ ತೆರೆದು ಉಸಿರು ಹುಡುಕುತ್ತಿದ್ದವು. ಪಚ್ ಪಚ್ ಎಂಬ ಆ ಸದ್ದು ಕೇಳಿ ಅವನು ಮಗನಿಗೆ ಫೋನು ಹಚ್ಚಿದ. ದಂಡೆಯುದ್ದಕ್ಕೂ ಸತ್ತವು ಸಾಲಾಗಿ ಬಿದ್ದಿದ್ದವು.

"ಸತ್ತವನ್ನ ಮೊದಲ ತಗಸ್ರಿ ಅಪ್ಪಾ, ಇಲ್ಲಾಂದ್ರ ನೀರ ಕೆಡತೈತಿ," ಎಂದು ಸ್ವಪ್ನಿಲ ಫೋನಿನಲ್ಲಿ ಕೂಗಿದ. "ಲೈಟ ಬಂತಂದ್ರ ಯಂತ್ರ ಚಾಲೂ ಮಾಡ್ರಿ. ನಾಗಣ್ಣಗ ನಾ ಹೇಳ್ತೀನಿ. ಬರ್ಫ ತಗೊಂಡ ಬರ್ತಾನ."

ಅಷ್ಟರಲ್ಲಿ ಕಳೆ ತೆಗೆಯಲು ದ್ರೌಪದಿ, ಅವಳ ಜೊತೆಗೆ ಇನ್ನಿಬ್ಬರು ಹೆಂಗಸರು ಬಂದರು. ಕುರಿ ಕಾಯುವ ಅಮೋಗಸಿದ್ಧನೂ ದಾರಿಯಲ್ಲಿ ನಿಂತ. ಚನ್ನವೀರಪ್ಪನ ತಲೆಯಲ್ಲಿ ಒಂದೇ ಯೋಚನೆ: ಬಿಸಿಲೇರಿ ನಾತ ಊರಿಗೆ ಹೋಗುವುದರೊಳಗೆ ಇವು ಕಣ್ಣಿಂದ ಮರೆಯಾಗಬೇಕು.

"ತಗೊಂಡ ಹೋಗ್ರಿ, ಎಲ್ಲಾರೂ ತಗೊಂಡ ಹೋಗ್ರಿ," ಎಂದ.

ಬುಟ್ಟಿಗೆ ಮೀನು ಹಾಕಿಕೊಳ್ಳುತ್ತ ದ್ರೌಪದಿ ಕೇಳಿದಳು, "ಯಾವಾಗ ಸತ್ತಾವ್ರಿ ಮಾಲಕರ ಇವು?"

"ಈಗ. ಈಗ ಸತ್ತಾವ."

ಜಾಲಿಯ ಮೂಲೆಯವು ಎಲ್ಲಿದ್ದವು, ಯಾವುದರ ಜೊತೆ ಬೆರೆತವು ಎಂದು ಅವನು ನೋಡಲಿಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತಿದ್ದ.

ಮಧ್ಯಾಹ್ನದ ಹೊತ್ತಿಗೆ ನಾಗಣ್ಣ ಟೆಂಪೋ ತುಂಬ ಮಂಜುಗಡ್ಡೆಯ ಡಬ್ಬಿ ಹೇರಿಕೊಂಡು ಬಂದ. ಇಬ್ಬರು ಆಳುಗಳು ಬಲೆ ಹಿಡಿದು ನೀರಿಗಿಳಿದರು. ಹಿಡಿದ ಮೀನು ಒದ್ದಾಡುತ್ತಿರುವಾಗಲೇ ಹೊಟ್ಟೆ ಸೀಳಿ ತೊಳೆದು, ಒಂದು ಪದರು ಪುಡಿ ಮಾಡಿದ ಬರ್ಫು, ಒಂದು ಪದರು ಮೀನು, ಮೇಲೆ ಮತ್ತೆ ಬರ್ಫು ಎಂದು ತುಂಬತೊಡಗಿದರು. ದಂಡೆಯ ಮೇಲೆ ಯಾರೂ ಒಯ್ಯದೆ ಬಿಟ್ಟ ಗುಡ್ಡೆಯಿಂದ ನಾಗಣ್ಣ ಒಂದನ್ನು ಎತ್ತಿದ. ಕಿವಿರಿನ ಮುಚ್ಚಳ ಬಿಡಿಸಿ ನೋಡಿದ, ಬೆರಳಿನಿಂದ ಮೈ ಒತ್ತಿದ, ಮೂಗಿಗೆ ಹಿಡಿದ. ಅವನ ಮುಖ ಬದಲಾಯಿತು.

"ಇದು ಇವತ್ತಿಂದಲ್ರಿ. ನಿನ್ನಿದು. ಇಂಥವು ಯಾರಿಗೂ ಕೊಟ್ಟಿಲ್ಲಲ್ಲ?"

ಚನ್ನವೀರಪ್ಪ ಊರ ದಾರಿಯ ಕಡೆ ನೋಡಿದ.

"ಕೊಟ್ಟೀರೇನ್ರಿ?"

"ಕುದಿಸಿ ತಿಂತಾರಲ್ಲ ನಾಗಣ್ಣ... ಕುದಿಸಿದ್ರ ಹೋಗತೈತಿಲ್ಲ?"

"ಕುದಿಸಿದ್ರೂ ಹೋಗೂದಿಲ್ರಿ. ಒಮ್ಮೊಮ್ಮಿ ಏನೂ ಆಗೂದಿಲ್ಲ, ಒಮ್ಮೊಮ್ಮಿ ಮನಷ್ಯಾನ ಕೆಡವತೈತಿ. ಹೋಗ್ರಿ, ಲಗೂ ಹೋಗ್ರಿ. ನಾ ಇದನ್ನ ಬಿಟ್ಟ ಬರಾಕ ಆಗೂದಿಲ್ಲ."

ಗುರುತು ಹೇಗೆಂದು ಕೇಳಿದಾಗ ನಾಗಣ್ಣ ಎರಡು ಮೀನು ಅಕ್ಕಪಕ್ಕ ಹಿಡಿದ. ಈಗ ಸತ್ತದ್ದರ ಕಣ್ಣು ಉಬ್ಬಿ ಹೊಳೆಯುತ್ತಿತ್ತು, ಕಿವಿರಿನೊಳಗೆ ರಕ್ತಗೆಂಪು, ಒತ್ತಿದ ಗುಳಿ ತಕ್ಷಣ ತುಂಬಿಕೊಂಡಿತು. ನಿನ್ನೆಯದರ ಕಣ್ಣು ಒಳಗಿಳಿದು ಹಾಲು ಬಿದ್ದಂತಿತ್ತು, ಕಿವಿರು ಕಂದು ತಿರುಗಿ ಲೋಳೆಯಾಗಿತ್ತು, ಬೆರಳಿನ ಗುಳಿ ಹಾಗೇ ನಿಂತಿತು.

"ನಾತ ನೋಡ್ರಿ."

"ನನಗ ಎಲ್ಲಾ ಒಂದ ನಾತ ಹೊಡಿತಾವೋ."

"ಅಲ್ರಿ. ಮೂಗ ಹಚ್ಚ್ರಿ."

ಐವತ್ತು ದಾಟಿದ ವಯಸ್ಸಿನಲ್ಲಿ ಚನ್ನವೀರಪ್ಪ ಮೊದಲ ಸಲ ಮೀನಿಗೆ ಮೂಗು ಹಚ್ಚಿದ. ಒಂದರಲ್ಲಿ ಹೊಂಡದ ನೀರಿನ, ಹಸಿ ಪಾಚಿಯ ವಾಸನೆ. ಇನ್ನೊಂದರದು ತಗಲುತ್ತಲೇ ಮುಖ ಹಿಂದಕ್ಕೆ ಎಳೆದುಕೊಂಡ. ಅವನು ತನ್ನ ಮೋಟರ್ ಸೈಕಲ್ ಚಾಲೂ ಮಾಡಿದ.

ಮೊದಲು ಸಿಕ್ಕಿದ್ದು ಅಮೋಗಸಿದ್ಧನ ಮನೆ. ಹೆಂಡತಿ ತುಂಡುಗಳಿಗೆ ಉಪ್ಪು ಅರಿಶಿನ ಸವರಿ ಇಟ್ಟಿದ್ದಳು. ತಲೆಗಳನ್ನು ನಾಯಿ ತಿಂದಿತ್ತು. ಕಣ್ಣು, ಕಿವಿರು ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

"ಆ ಮೀನ ತಿರುಗಿ ಕೊಡ್ರಿ," ಎಂದ ಚನ್ನವೀರಪ್ಪ. "ತಪ್ಪಿ ಕೊಟ್ಟೀನಿ."

ಅಮೋಗಸಿದ್ಧ ಅಂಗಳದಿಂದ ಎದ್ದು ಬಂದ. "ಕೊಟ್ಟದ್ದ ಕಸಗೊಳ್ಳಾಕ ಬಂದೀರೇನ್ರಿ? ನಾಗಣ್ಣ ಚೊಲೋ ರೇಟ ಹೇಳಿದ್ನೇನು?"

"ಹಂಗಲ್ಲೋ."

"ಮತ್ತ ಹೆಂಗ?"

ನೆರೆಯವರು ಬಾಗಿಲಿಗೆ ಬಂದು ನಿಂತರು. ಊರ ಮುಂದೆ ಮಾನ ಹೋಗುವ ಹೆದರಿಕೆ ಅವನ ನಾಲಿಗೆಯನ್ನು ಹಿಡಿದು ಜಗ್ಗುತ್ತಿತ್ತು. ಒಳಗೆ ಒಲೆಯ ಮೇಲೆ ಎಣ್ಣೆ ಕಾಯುವ ಸದ್ದು ಕೇಳಿತು. ಆ ಸದ್ದಿಗೆ ಅವನು ಬಾಯಿ ಬಿಟ್ಟ.

"ನಾ ಸುಳ್ಳ ಹೇಳಿದ್ನಿ. ಕೆಲವು ನಿನ್ನಿ ಸಂಜೀಕೇ ಸತ್ತಿದ್ವು. ನಾ ನೋಡಿದ್ನಿ. ತಿನಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಅಮೋಗಸಿದ್ಧನ ಹೆಂಡತಿ ಪಾತ್ರೆ ತಂದು ಅವನ ಕಾಲ ಬುಡದಲ್ಲಿ ಕುಕ್ಕಿದಳು. ಮುಂದಿನ ಮನೆಯಲ್ಲೂ, ಅದರ ಮುಂದಿನ ಮನೆಯಲ್ಲೂ ಅದೇ ಮಾತು ಹೇಳಿದ. ಹೇಳುತ್ತ ಹೋದಂತೆ ಹಗುರವೇನೂ ಆಗಲಿಲ್ಲ. ಒಂದು ಮನೆಯಲ್ಲಿ ಮಕ್ಕಳ ತಟ್ಟೆಗೆ ಬಡಿಸಿ ಆಗಿತ್ತು. ಇನ್ನೂ ಬಾಯಿಗೆ ಇಟ್ಟಿರಲಿಲ್ಲ.

ಕೊನೆಗೆ ದ್ರೌಪದಿಯ ಮನೆ. ಅವಳು ಹೊಲದಿಂದ ಬಂದು ಸಾರಿಗೆ ಖಾರ ಅರೆಯುತ್ತಿದ್ದಳು. ವಿಷಯ ಕೇಳಿದೊಡನೆ ಗುಂಡುಕಲ್ಲು ಕೈಯಲ್ಲೇ ನಿಂತಿತು.

"ಇವರ ಡಬ್ಬಿಗೆ ಹುರದ ಹಾಕೀನ್ರಿ! ಮುಂಜಾನೆ ಮನಿಗೆ ಓಡಿ ಬಂದು, ಗಡಬಡ್ಯಾಗ. ಒಂದಕ್ಕ ನಾತ ಇತ್ತು. ಮಾಲಕರು ಈಗ ಅಂದಾರಲ್ಲ, ಹೊಂಡದ ಕೆಸರಿಂದ ಇರಬೇಕ ಅಂದ್ಕೊಂಡ್ನಿ."

ಅವಳ ಗಂಡ ಶಂಕರೆಪ್ಪ ಸೊಲ್ಲಾಪುರದ ನವಿ ಪೇಠದಲ್ಲಿ ಒಂದು ಬಟ್ಟೆ ಅಂಗಡಿಯ ಹಮಾಲ. ಫೋನು ಹಚ್ಚಿದರೆ ಗಂಟೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಚನ್ನವೀರಪ್ಪ ಎಂದೂ ಓಡಿಸದ ವೇಗದಲ್ಲಿ ಗಾಡಿ ಓಡಿಸಿದ. ಲಾರಿ ಎದುರಾದಾಗಲೆಲ್ಲ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಆಟೋಗಳ ನಡುವೆ ನುಗ್ಗಿ, ನವಿ ಪೇಠದ ಗದ್ದಲದಲ್ಲಿ ಗಾಡಿಯನ್ನು ಎಲ್ಲೋ ಒರಗಿಸಿ ಅಂಗಡಿ ಹುಡುಕಿದ.

ಶಂಕರೆಪ್ಪ ನಳದ ಹತ್ತಿರ ಡಬ್ಬಿ ತೊಳೆಯುತ್ತಿದ್ದ. ಮಾಲಕರನ್ನು ಕಂಡು ಹಲ್ಲು ಬಿಟ್ಟ. "ಏನ್ರಿ ಮಾಲಕರ, ಇಷ್ಟ ದೂರ! ನಿಮ್ಮ ಮೀನ ಭಾರಿ ಇದ್ವ ನೋಡ್ರಿ. ಒಂದ ಮಾತ್ರ ಜರಾ ನಾಲಿಗಿಗೆ ಚುರುಕು ಅನಸ್ತು."

"ಇನ್ನ ಯಾರಿಗರೆ ಕೊಟ್ಟೇನೋ?"

"ಯಾಕ ಕೊಡ್ಲಿ?"

"ಆ ಮೀನ ಕೆಟ್ಟಿದ್ವೋ. ದವಾಖಾನಿಗಿ ನಡಿ."

"ನನಗೇನಾಗೇದ್ರಿ!" ಎಂದು ನಕ್ಕು ಶಂಕರೆಪ್ಪ ಟವೆಲ್ಲಿನ ಗಂಟು ಹೊರಲು ಹೋದ.

ಚನ್ನವೀರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಗಂಟು ಹೊತ್ತು ಒಳಗೆ ಹೋಗುವ, ಬರಿಗೈಯಲ್ಲಿ ಹೊರಗೆ ಬರುವ ಆ ಮುಖವನ್ನೇ ನೋಡುತ್ತಿದ್ದ. ಆಗದಿರಲಿ, ಏನೂ ಆಗದಿರಲಿ ಎಂದು ಅಂಗಿಯೊಳಗೆ ಲಿಂಗವನ್ನು ಹಿಡಿದುಕೊಂಡಿದ್ದ. ಒಂದು ಸಲ ಹೊರಬಂದಾಗ ಶಂಕರೆಪ್ಪನ ಮುಖ ಕೆಂಪಾಗಿತ್ತು. ಬಿಸಿಲಿಗಿರಬಹುದು ಎಂದುಕೊಂಡ. ಮುಂದಿನ ಸಲ ಕಿವಿ, ಕುತ್ತಿಗೆ ಎಲ್ಲ ಕೆಂಪು. ಶಂಕರೆಪ್ಪ ಗಂಟನ್ನು ಅರ್ಧದಲ್ಲೇ ಇಳಿಸಿ ತಲೆ ಹಿಡಿದುಕೊಂಡ.

"ಮಾಲಕರ, ತಲಿ ಒಡಿಯಾಕತ್ತೈತಿ..." ಎಂದವನು ಗಟಾರದ ಮೇಲೆ ಬಾಗಿ ವಾಂತಿ ಮಾಡಿದ.

ಆಟೋದಲ್ಲಿ ಅವನ ಬೆವರಿದ ತಲೆ ಚನ್ನವೀರಪ್ಪನ ಎದೆಗೆ ಒರಗಿತ್ತು. ವಾಂತಿಯೆಲ್ಲ ಬಿಳಿ ಅಂಗಿಯ ಮೇಲೆ. ಉಸಿರು ಸುಯ್ಯೆಂದು ಎಳೆಯುತ್ತಿತ್ತು. ಬೆಳಗ್ಗೆ ಹೊಂಡದಲ್ಲಿ ಕಂಡ ಬಾಯಿಗಳು ಚನ್ನವೀರಪ್ಪನ ಕಣ್ಣೆದುರಿಗೆ ಬಂದವು. "ಉಸರ ತಗೋ ಶಂಕರೆಪ್ಪ, ಉಸರ ತಗೋ," ಎನ್ನುತ್ತಲೇ ಇದ್ದ.

ದವಾಖಾನೆಯಲ್ಲಿ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿದರು. ಡಾಕ್ಟರು ಹೆಚ್ಚು ಮಾತಾಡಲಿಲ್ಲ. "ಕೆಟ್ಟ ಮೀನು. ತಕ್ಷಣ ತಂದಿರಿ, ಒಳ್ಳೇದಾಯ್ತು. ಬೆಳಗಾಗೋವರೆಗೂ ನೋಡೋಣ," ಎಂದರು.

ದ್ರೌಪದಿ ಆಟೋ ಹಿಡಿದು ಸಂಜೆಗೆ ಬಂದಳು. ಗಂಡನ ಹಣೆ ಮುಟ್ಟಿ ನೋಡಿ, ಹೊರಗೆ ಬೆಂಚಿನ ಮೇಲೆ, ಚನ್ನವೀರಪ್ಪನಿಂದ ದೂರ ಕೂತಳು. ಅಲ್ಲಿಂದಲೇ ಅಂದಳು:

"ಮುಂಜಾನೆ ನಾ ಕೇಳಿದ್ನಿ. ಕೇಳಿದ್ನೋ ಇಲ್ರಿ ಮಾಲಕರ?"

"ಕೇಳಿದ್ದಿ."

"ಗೊತ್ತಿಲ್ಲ ಅಂದಿದ್ರೂ ಸಾಕಿತ್ತು. ನಾ ನೋಡಿ ತಗೋತಿದ್ನಿ."

ಪ್ರತಿ ಸಲ ವಾರ್ಡಿನ ಬಾಗಿಲು ಸರಿದಾಗಲೂ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು, ಒಟ್ಟಿಗೆ ಕೂರುತ್ತಿದ್ದರು.

ಬೆಳಗ್ಗೆ ಶಂಕರೆಪ್ಪ ಚಹಾ ಕೇಳಿದ. ದ್ರೌಪದಿ ಗೋಡೆಗೆ ಮುಖ ಮಾಡಿ ಅತ್ತಳು.

ಮನೆಗೆ ಬಂದ ಗಂಡನನ್ನು ಅಂಬಾಬಾಯಿ ಮೂಗು ಮುಚ್ಚಿಕೊಳ್ಳದೆ ಒಳಗೆ ಬಿಟ್ಟುಕೊಂಡಳು. ಬಚ್ಚಲಲ್ಲಿ ನೀರು ಕಾಯಿಸಿಟ್ಟು, "ಅಂಗಿ ಅಲ್ಲೇ ಬಿಡ್ರಿ, ನಾ ಒಗೀತೀನಿ," ಎಂದಳು. ಹಿಂದಿನ ಸಂಜೆಯೇ ಅಕ್ಕಲಕೋಟೆಯಿಂದ ಧಾವಿಸಿ ಬಂದಿದ್ದ ಸ್ವಪ್ನಿಲ ಹೊಂಡ ಬರಿದು ಮಾಡೋಣ ಎಂದ. ಬೇಡ ಎಂದವನು ಚನ್ನವೀರಪ್ಪನೇ.

ಈಗ ನಾಗಣ್ಣ ಬಲೆ ಹಾಕಿದ ದಿನ ಅವನು ಮೊಣಕಾಲ ನೀರಿನಲ್ಲಿ ನಿಂತು ಮೀನುಗಳ ಕಿವಿರು ಬಿಡಿಸಿ ನೋಡುತ್ತಾನೆ. ಸಂಶಯ ಬಂದದ್ದೆಲ್ಲ ಸುಣ್ಣ ಹಾಕಿದ ಗುಂಡಿಗೆ ಹೋಗುತ್ತದೆ. "ಚೊಲೋ ಮೀನೂ ಹುಗೀತೀರಲ್ರಿ!" ಎಂದು ನಾಗಣ್ಣ ಬೈಯುತ್ತಾನೆ. ಮೀನು ಮುಟ್ಟುವವನೆಂದು ಊರ ಹಿರಿಯರು ಅವನನ್ನು ಕಂಡು ಪಕ್ಕಕ್ಕೆ ಸರಿಯುವುದುಂಟು. ಮೋಡ ಕವಿದು ಗಾಳಿ ನಿಂತ ಸಂಜೆಗಳಲ್ಲಿ ಅವನಿಗೆ ಊಟ ಸೇರುವುದಿಲ್ಲ. ಜಾಲಿಯ ಮೂಲೆಗೆ ಹೋಗಿ, ನೀರು ಕಪ್ಪಾಗುವವರೆಗೆ ನಿಂತು ಬರುತ್ತಾನೆ.

ಆ ಮಳೆಗಾಲವೆಲ್ಲ ದ್ರೌಪದಿ ಬೇರೆಯವರ ಹೊಲಕ್ಕೆ ಹೋದಳು. ದ್ರಾಕ್ಷಿ ಬಳ್ಳಿ ಸವರುವ ಚಾಟಣಿಯ ಹೊತ್ತಿಗೆ, ಕರೆಯದಿದ್ದರೂ ತಾನೇ ಬಂದು ಕತ್ತರಿ ಕೈಗೆತ್ತಿಕೊಂಡಳು. ಮೀನಿನ ಮಾತು ಇಬ್ಬರೂ ಎತ್ತಲಿಲ್ಲ. ಅವರ ಮನೆಯಲ್ಲಿ ಮೀನು ಬೇಕೆನಿಸಿದ ದಿನ ಶಂಕರೆಪ್ಪ ಸೊಲ್ಲಾಪುರದ ಪೇಟೆಯಿಂದ ಕೊಂಡು ತರುತ್ತಾನೆ. ಬರುವ ದಾರಿ ಚನ್ನವೀರಪ್ಪನ ಹೊಲದ ಬದುವಿನ ಮೇಲೆಯೇ. ಎದುರಾದರೆ ನಿಂತು ನಮಸ್ಕಾರ ಮಾಡುತ್ತಾನೆ, ಮೀನಿನ ಚೀಲವನ್ನು ಮಾತ್ರ ಅವನಿಗೆ ಕಾಣದ ಆಚೆ ಕೈಗೆ ಬದಲಿಸಿಕೊಳ್ಳುತ್ತಾನೆ.